ಜೋಳದ ಓಟ, ಬಾಗಿಲ ಓಟ

ಆ ಶನಿವಾರ ಬೆಳಿಗ್ಗೆ ಅಮೆರಿಕದ ಡಾಲಸ್ ಪಕ್ಕದ ಯೂಲೆಸ್‌ನ ನಮ್ಮ ಮನೆಯ ಊಟದ ಮೇಜಿನ ಸುತ್ತ ಎಲ್ಲರೂ ಇದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಜ್ಜಿ, ಇಳಕಲ್ ಸೀರೆಯ ಮೇಲೆ ಅಪ್ಪನ ಹಳೆಯ ಸ್ವೆಟರ್ ತೊಟ್ಟು, ತಾಟಿನಲ್ಲಿ ಶೇಂಗಾ ಆರಿಸುತ್ತ ಕೂತಿದ್ದಳು. ಎದುರಿಗೆ ಅಪ್ಪ ಮತ್ತು ಚಿಕ್ಕಪ್ಪ, ಇಬ್ಬರ ಕೈಯಲ್ಲೂ ಎರಡನೇ ಸಲದ ಚಹಾ. ಅಮ್ಮ ಒಲೆಯ ಮುಂದೆ ಉಪ್ಪಿಟ್ಟು ತಿರುವುತ್ತಿದ್ದಳು. ಮೈಸೂರು ಕಡೆಯ ನಮ್ಮ ಚಿಕ್ಕಮ್ಮ ಅದಕ್ಕೆ ಸಕ್ಕರೆ ಹಾಕುವುದು ಸರಿಯೋ ತಪ್ಪೋ ಎಂಬ ಹಳೆಯ ತಕರಾರು ತೆಗೆದಿದ್ದಳು. ಅವಳ ಮಗ ನನಗಿಂತ ಒಂದು ವರ್ಷ ದೊಡ್ಡವನು. ನಾನು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಅವನು ಒಂದು ಕಾಲನ್ನು ಖಾಲಿ ಕುರ್ಚಿಯ ಮೇಲೆ ಚಾಚಿ, ಮಂಡಿಯ ಮೇಲೆ ಫ್ರೀಜರಿನಿಂದ ತೆಗೆದ ಬಟಾಣಿ ಪ್ಯಾಕೆಟ್ಟು ಇಟ್ಟುಕೊಂಡಿದ್ದ. ಅವನ ಪಕ್ಕ ನಾನು. ತಲೆಯ ಮೇಲೆ ವಿಮಾನ ಇಳಿಯುವಾಗ ಎಲ್ಲರೂ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದೆವು. ಏರ್‌ಪೋರ್ಟಿನ ಬಗಲಲ್ಲೇ ಇರುವ ಊರಿನವರಿಗೆ ಅದು ರೂಢಿ.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಅಣ್ಣ ಹನ್ನೊಂದನೇ ತರಗತಿಯಲ್ಲಿದ್ದ, ನಾನು ಹತ್ತರಲ್ಲಿ. ಇಬ್ಬರೂ ಶಾಲೆಯ ಫುಟ್‌ಬಾಲ್ ತಂಡದಲ್ಲಿದ್ದೆವು. ಫುಟ್‌ಬಾಲ್ ಎಂದರೆ ಅಮೆರಿಕದವರ ಫುಟ್‌ಬಾಲ್, ಕಾಲಿಗಿಂತ ಹೆಗಲಿಗೆ ಹೆಚ್ಚು ಕೆಲಸ ಕೊಡುವ ಆಟ. ಅಣ್ಣನ ಕೆಲಸ ಬಾಲ್ ಎದೆಗವಚಿಕೊಂಡು ಓಡುವುದು. ನನ್ನ ಕೆಲಸ ಅವನ ಮುಂದೆ ಸಾಲಾಗಿ ನಿಲ್ಲುವ ಐದು ದಢೂತಿಗಳಲ್ಲಿ ಒಬ್ಬನಾಗಿ, ಎದುರು ತಂಡದವರನ್ನು ತಳ್ಳಿ ದಾರಿ ಮಾಡಿಕೊಡುವುದು. ನನ್ನ ಮೈಯ ಗಾತ್ರಕ್ಕೆ ಅಜ್ಜಿಯ ರೊಟ್ಟಿ ಬೆಣ್ಣೆಗಳೇ ಕಾರಣ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಜ್ಜಿ ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದಳು.

ಹಿಂದಿನ ಸಂಜೆಯ ಆಟದಲ್ಲಿ ಅಣ್ಣ ಬಹಳ ಚೆನ್ನಾಗಿ ಓಡಿದ್ದ. ಗ್ಯಾಲರಿಯಲ್ಲಿ ಜನ ಎದ್ದು ನಿಂತು ಕೂಗಿದ್ದರು. ಅಜ್ಜಿಗೆ ಮಾತ್ರ ಒಂದು ಸಂಶಯ ಉಳಿದುಬಿಟ್ಟಿತ್ತು. ಅದನ್ನು ರಾತ್ರಿಯೆಲ್ಲ ಇಟ್ಟುಕೊಂಡಿದ್ದು ಬೆಳಿಗ್ಗೆ ಶೇಂಗಾದ ಜೊತೆ ಹೊರಗೆ ತೆಗೆದಳು.

“ಎಲ್ಲಾರೂ ಓಡ್ರಿ ಓಡ್ರಿ ಅಂತ ಒದರಾಕತ್ತಿದ್ರು. ಇಂವ ನಡುವ ಯಾಕ ನಿಂತಾ?”

ಅಣ್ಣ ನಕ್ಕ. ಅವನಿಗೆ ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು. ನಾನು ಉಲ್ಟಾ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು. ಶಾಲೆಯಿಂದ ಬಂದವನಿಗೆ ಸಿಗುತ್ತಿದ್ದವಳು ಅಜ್ಜಿ ಒಬ್ಬಳೇ. ಅವಳ ಜೊತೆ ಜಗಳವಾಡಬೇಕಾದರೂ ಅವಳ ಭಾಷೆಯಲ್ಲೇ ಆಡಬೇಕಿತ್ತು. ಹೀಗಾಗಿ ಅವನ ಉತ್ತರಗಳನ್ನು ಅಜ್ಜಿಗೆ ಮುಟ್ಟಿಸುವ ಕೆಲಸ ಯಾವಾಗಲೂ ನನ್ನದು.

ಅವಳ ತಾಟಿನಿಂದ ಐದು ಶೇಂಗಾ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಇವು ನಾವು. ಹಿಂದೆ ಒಂದು ಬೆಲ್ಲದ ಚೂರು, ಇದು ಅಣ್ಣ. ಎದುರಿಗೆ ಇನ್ನಷ್ಟು ಶೇಂಗಾ, ಅವು ಹಿಡಿಯಲು ಬರುವವರು. ದಾರಿ ಮಾಡಿಕೊಡುವುದರಲ್ಲಿ ಎರಡು ಪದ್ಧತಿ ಇವೆ ಅಜ್ಜಿ, ಎಂದು ಶುರುಮಾಡಿದೆ. ಒಂದರಲ್ಲಿ ಯಾವ ಜಾಗದಲ್ಲಿ ಸಂದು ಬಿಡುತ್ತದೆ ಎನ್ನುವುದು ಮೊದಲೇ ಗೊತ್ತು. ಯಾರು ಯಾರನ್ನು ಎತ್ತ ತಳ್ಳಬೇಕು ಎನ್ನುವುದೂ ಗೊತ್ತು. ನಮ್ಮಲ್ಲೇ ಆಚೆ ತುದಿಯ ಒಬ್ಬ ಸಾಲಿನ ಹಿಂದಿನಿಂದ ಸುತ್ತಿ ಬಂದು, ಬೆಲ್ಲಕ್ಕಿಂತ ಮುಂಚೆ ಆ ಸಂದಿನಲ್ಲಿ ನುಗ್ಗುತ್ತಾನೆ. ಬೆಲ್ಲ ಅವನ ಬೆನ್ನು ಹಿಡಿದು ಕಣ್ಣು ಮುಚ್ಚಿಕೊಂಡು ನುಗ್ಗಿದರಾಯಿತು. ಆ ಸಂದಿಗೆ ಹೋಲ್ ಅನ್ನುತ್ತಾರೆ.

“ಹೊಲ,” ಎಂದಳು ಅಜ್ಜಿ, ತಲೆ ಆಡಿಸುತ್ತ.

ಚಿಕ್ಕಪ್ಪ ಚಹಾದ ಕಪ್ಪಿನ ಹಿಂದೆ ನಗು ಅಡಗಿಸಿಕೊಂಡ. ನಾನು ತಿದ್ದಲು ಹೋಗಲಿಲ್ಲ. ಇನ್ನೊಂದು ಪದ್ಧತಿಯಲ್ಲಿ ಹಾಗಲ್ಲ, ಎಂದು ಮುಂದುವರಿಸಿದೆ. ಐದೂ ಜನ ಒಟ್ಟಿಗೆ ಒಂದೇ ಕಡೆ ಸರಿಯುತ್ತೇವೆ. ನಮ್ಮ ನಮ್ಮ ಜಾಗಕ್ಕೆ ಯಾರು ಬಂದರೆ ಅವರನ್ನು ತಳ್ಳುತ್ತೇವೆ. ಸಂದು ಎಲ್ಲಿ ಬಿಡುತ್ತದೆ ಎಂದು ನಮಗೂ ಗೊತ್ತಿರುವುದಿಲ್ಲ. ಬೆಲ್ಲ ನಮ್ಮ ಹಿಂದೆ ನಿಧಾನವಾಗಿ ಬರುತ್ತ, ನೋಡುತ್ತ, ಕಾಯುತ್ತ ಇರಬೇಕು. ಸಂದು ಕಂಡ ಕೂಡಲೇ ಒಂದೇ ಸಲ ಹೊರಳಿ ಓಡಬೇಕು. ಅಣ್ಣ ಓಡುವುದು ಹಾಗೆ. ಅದಕ್ಕೇ ಅವನು ನಿಂತ ಹಾಗೆ ಕಂಡದ್ದು. ಇದಕ್ಕೆ ಜೋನ್ ಅನ್ನುತ್ತಾರೆ.

“ಜ್ವಾಳ,” ಎಂದಳು ಅಜ್ಜಿ.

ಈ ಸಲ ಅಪ್ಪನೂ ನಕ್ಕ. ಜ್ವಾಳ ಅಲ್ಲವ್ವ, ಜೋನು, ಎಂದ. ಅಜ್ಜಿ ಅವನನ್ನು ಅವನ ಎಂಟನೇ ವಯಸ್ಸಿಗೆ ಕಳಿಸುವಂತೆ ನೋಡಿದಳು.

“ಹೊಲದಾಗ ಜ್ವಾಳ ಇರದ ಮತ್ತೇನ ಇರ್ತೈತಿ? ನನಗ ಇದು ಗೊತ್ತೈತಿ ಬಿಡೋ. ಆಳೆತ್ತರ ಜ್ವಾಳ ನಿಂತಿರ್ತೈತಿ, ಗಾಳಿ ಬಂದರ ಎಲ್ಲಾ ಒಂದ ಕಡೆ ವಾಲತೈತಿ. ಎಲ್ಲಿ ಸಂದು ಬಿಡತೈತಿ ಅಂತ ಮೊದಲ ಹೇಳಾಕ ಬರಂಗಿಲ್ಲ. ನಿಂತು ನೋಡಿ ಹೋಗಬೇಕು. ಇಂವ ಶಾಣ್ಯಾ ಅದಾನ, ಅದಕ್ಕ ನಿಂತಾ.”

ಮೇಜಿನ ಸುತ್ತ ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಅಣ್ಣ ಮಾತ್ರ ನಗಲಿಲ್ಲ. ಬಟಾಣಿ ಪ್ಯಾಕೆಟ್ಟು ಕೆಳಗೆ ಬಿದ್ದದ್ದೂ ತಿಳಿಯದೆ ಅಜ್ಜಿಯನ್ನೇ ನೋಡುತ್ತಿದ್ದ. ಜೋನ್ ಬ್ಲಾಕಿಂಗ್ ಎಂದರೇನು ಎಂದು ಕೋಚ್‌ಗಳು ಬೋರ್ಡಿನ ಮೇಲೆ ಬಾಣ ಎಳೆದು ಎಳೆದು ಹೇಳಿಕೊಟ್ಟಿದ್ದರು. ತನಗೆ ಒಳಗಿನಿಂದ ಅದು ಹೇಗೆ ಅನ್ನಿಸುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಜೋಳದ ಓಟವಾಯಿತು. ಇನ್ನೊಂದು, ಜಾಗ ಮೊದಲೇ ಗೊತ್ತಿರುವ ಪದ್ಧತಿ, ಬಾಗಿಲ ಓಟ. ಆ ಹೆಸರೂ ಅಜ್ಜಿಯದೇ. ಯಾರೋ ಬಾಗಿಲು ತೆಗೆದು ಹಿಡಿದಿರುತ್ತಾರೆ, ನೀನು ಒಳಗೆ ಹೋಗುತ್ತೀ, ಅದರಲ್ಲೇನು ಬಂತು ಎನ್ನುವುದು ಅವಳ ಅಭಿಪ್ರಾಯ. ಆದರೆ ಅದು ಅಷ್ಟು ಸುಲಭವಲ್ಲ ಎಂದು ಸಾಲಿನಲ್ಲಿ ನಿಂತವನಿಗೆ ಗೊತ್ತು. ಬಾಗಿಲು ತೆರೆದಿರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅದು ತೆರೆಯುತ್ತದೆ ಎಂದು ನಂಬಿ, ತೆರೆಯುವ ಮೊದಲೇ ನುಗ್ಗುವ ಗಟ್ಟಿ ಎದೆಯ, ಭಾರದ ಹುಡುಗ ಬೇಕು ಅದಕ್ಕೆ. ಅಂಥವನನ್ನು ತಂದು ಜೋಳದಲ್ಲಿ ನಿಲ್ಲಿಸಿದರೆ ಕಾಯಲು ಆಗದೆ ಮುಂದಿನವನ ಬೆನ್ನಿಗೇ ಗುದ್ದುತ್ತಾನೆ. ಅಣ್ಣನಂಥವನನ್ನು ಬಾಗಿಲ ಮುಂದೆ ನಿಲ್ಲಿಸಿದರೆ, ಅವನು ಅರೆಗಳಿಗೆ ನಿಂತು ನೋಡುವಷ್ಟರಲ್ಲಿ ಬಾಗಿಲು ಹಾಕಿಕೊಂಡಿರುತ್ತದೆ. ಇಬ್ಬರೂ ಒಳ್ಳೆಯ ಓಟಗಾರರೇ.

ಅದಕ್ಕೆ ಎರಡು ವರ್ಷ ಮುಂಚೆ, ಕಿರಿಯರ ತಂಡದಲ್ಲಿದ್ದಾಗ, ಅಣ್ಣ ಬೈಸಿಕೊಂಡಿದ್ದೆಲ್ಲ ಇದೇ ಕಾರಣಕ್ಕೆ. ಡ್ಯಾನ್ಸ್ ಮಾಡಬೇಡ ಎಂದು ಅಲ್ಲಿನ ಕೋಚ್ ಕಿರುಚುತ್ತಿದ್ದರು. ದೊಡ್ಡವರ ತಂಡದ ಕೋಚ್ ಬೇರೆ ಥರದವರು. ಕೈಯಲ್ಲಿ ಎಂಥ ಹುಡುಗ ಇದ್ದಾನೋ ಅದಕ್ಕೆ ತಕ್ಕಂತೆ ಆಟ ಕಟ್ಟುವವರು. ಅಣ್ಣನ ಓಟ ನೋಡಿದ ಮೊದಲ ವಾರವೇ ಸಾಲಿನ ಐವರನ್ನೂ ಕರೆದು, ಈ ವರ್ಷ ನಿಮಗೆ ಜೋನ್ ಕಲಿಸುತ್ತೇನೆ ಎಂದರು. ಬಿಸಿಲಲ್ಲಿ ಒಬ್ಬರ ಹೆಗಲಿಗೆ ಒಬ್ಬರು ಹೆಗಲು ಹಚ್ಚಿ ಬಲಕ್ಕೆ ಸರಿ, ಎಡಕ್ಕೆ ಸರಿ ಎಂದು ಇಡೀ ಆಗಸ್ಟ್ ತಿಂಗಳು ಕುಣಿಸಿದರು. ನನ್ನ ಒಂದು ಪಕ್ಕಕ್ಕೆ ಟೋಂಗಾ ದ್ವೀಪದಿಂದ ಬಂದು ಯೂಲೆಸ್‌ನಲ್ಲಿ ನೆಲೆಸಿದ ಮನೆಯ ಹುಡುಗನೊಬ್ಬ ನಿಲ್ಲುತ್ತಿದ್ದ. ಅವನ ಅಜ್ಜಿಯೂ ಗ್ಯಾಲರಿಗೆ ಬರುತ್ತಿದ್ದಳು. ನಮ್ಮ ಅಜ್ಜಿಗೆ ಅವಳ ಒಂದು ಮಾತೂ ತಿಳಿಯುತ್ತಿರಲಿಲ್ಲ, ಅವಳಿಗೂ ನಮ್ಮ ಅಜ್ಜಿಯದು. ಆದರೂ ಇಬ್ಬರೂ ಆಟ ಮುಗಿಯುವವರೆಗೆ ಮಾತಾಡುತ್ತಲೇ ಇರುತ್ತಿದ್ದರು. ಶೇಂಗಾ ಚಿಕ್ಕಿ ಆ ಕಡೆ ಹೋಗುತ್ತಿತ್ತು, ಟ್ಯಾರೋ ಗಡ್ಡೆ ಬೇಯಿಸಿದ್ದು ಈ ಕಡೆ ಬರುತ್ತಿತ್ತು. ಅದು ಕೆಸುವಿನ ಗಡ್ಡೆಯ ಜಾತಿಯದೇ ಎಂದು ಅಜ್ಜಿ ಕಂಡುಹಿಡಿದಳು.

ನಾನು ಹೇಳಬೇಕಾದದ್ದು ಆ ಒಂದು ಸೀಸನ್ನಿನ ಮಾತು. ಸಾಲಿನಲ್ಲಿ ನಿಲ್ಲುವವನಿಗೆ ತನ್ನ ಹಿಂದಿನ ಓಟ ಕಾಣುವುದಿಲ್ಲ. ಅವನ ಕಣ್ಣಿಗೆ ಬೀಳುವುದು ಎದುರಿನವನ ಎದೆ, ಅಂಗಿಯ ನಂಬರು, ಹುಲ್ಲು. ಆದರೆ ಅಣ್ಣ ಹಿಂದೆ ಇದ್ದಾನೆ ಎನ್ನುವುದು ನನಗೆ ತಿಳಿಯುತ್ತಿತ್ತು. ನಾವೆಲ್ಲ ಬಲಕ್ಕೆ ಸರಿಯುವಾಗ ಅವನೂ ಬಲಕ್ಕೇ ಬರುತ್ತಿದ್ದ. ಇನ್ನೇನು ಆ ತುದಿಗೆ ಹೋಗಿಯೇಬಿಟ್ಟ ಎಂದು ಎದುರು ತಂಡದವರೆಲ್ಲ ಅತ್ತ ಎದ್ದು ಓಡಿದಾಗ, ಅವನ ಹೆಜ್ಜೆ ಒಂದು ಸಲ ಸಣ್ಣಗಾಗುತ್ತಿತ್ತು. ಆಮೇಲೆ ನನ್ನ ಎಡಪಕ್ಕೆಯ ಪಕ್ಕದಲ್ಲೇ, ಅಂಗಿ ಅಂಗಿಗೆ ತಾಗುವಷ್ಟು ಹತ್ತಿರ, ಗಾಳಿ ಹೋದ ಹಾಗೆ ಹೋಗುತ್ತಿದ್ದ. ಅವನು ಕಾಯುತ್ತಾನೆ ಎಂದು ಗೊತ್ತಿದ್ದರಿಂದ ನಾನು ನನ್ನ ಎದುರಿನವನನ್ನು ಬೇರೆಯವರಿಗಿಂತ ಹೆಚ್ಚು ಹೊತ್ತು ಹಿಡಿದುಕೊಂಡಿರುತ್ತಿದ್ದೆ. ನಾನು ಹಿಡಿದಿರುತ್ತೇನೆ ಎಂದು ಗೊತ್ತಿದ್ದರಿಂದ ಅವನು ಕಾಯುತ್ತಿದ್ದ. ಇದನ್ನು ನಾವು ಮಾತಾಡಿಕೊಂಡದ್ದಿಲ್ಲ. ಮನೆಯಲ್ಲಿ ಟಿವಿ ರಿಮೋಟಿಗೆ ಕಿತ್ತಾಡುತ್ತಿದ್ದವರು ನಾವು.

ಮರುವರ್ಷ ಅವನ ಕೊನೆಯ ವರ್ಷ. ಶಾಲೆ ಮುಗಿದ ಮೇಲೆ ಆಡಲು ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕಾಲೇಜಿನವರು ಕರೆಯುವಷ್ಟು ಎತ್ತರವೂ ಇರಲಿಲ್ಲ, ಭಾರವೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಇನ್ನೊಂದೇ ಸೀಸನ್ನು. ಅದೇ ಸಾಲಿನ ಹಿಂದೆ, ಅದೇ ಜೋಳದಲ್ಲಿ.

ಆ ಚಳಿಗಾಲದಲ್ಲಿ ಡಾಲಸ್ ಕಡೆಯ ಟೆಲಿಕಾಂ ಕಂಪನಿಗಳು ಒಂದರ ಹಿಂದೆ ಒಂದರಂತೆ ಜನರನ್ನು ಮನೆಗೆ ಕಳಿಸತೊಡಗಿದವು. ಚಿಕ್ಕಪ್ಪನ ಕೆಲಸವೂ ಹೋಯಿತು. ಕೆಲವು ತಿಂಗಳು ಅವನು ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎರಡು ಬೀದಿ ಆಚೆಯ ತನ್ನ ಮನೆಯಿಂದ ನಮ್ಮ ಮನೆಗೆ ಬಂದು, ಅಜ್ಜಿಯ ಎದುರು ಕೂತು, ಅವಳ ಜೊತೆ ಬೆಳ್ಳುಳ್ಳಿ ಸುಲಿಯುತ್ತಿದ್ದ. ಬೇಸಿಗೆಯ ಹೊತ್ತಿಗೆ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿತು. ಅದರ ಪಕ್ಕದ ಮಿಸೌರಿ ಸಿಟಿ ಎಂಬ ಊರಿನಲ್ಲಿ ಮನೆ ನೋಡುವುದಾಯಿತು.

ಮನೆ ನೋಡಲು ಹೋದ ದಿನ ಅಜ್ಜಿಯೂ ಜೊತೆಗೆ ಬಂದಿದ್ದಳು. ಡಾಲಸ್ ಬಿಟ್ಟು ಹೈವೇ ಹಿಡಿದು ಸ್ವಲ್ಪ ದೂರ ಹೋದ ಮೇಲೆ ಎರಡೂ ಕಡೆ ಕಪ್ಪು ನೆಲದ ಹೊಲ. ಅಜ್ಜಿ ಕಾರಿನ ಗಾಜಿಗೆ ಹಣೆ ಹಚ್ಚಿ ಕೂತಿದ್ದವಳು ಥಟ್ಟನೆ ಕಾರು ನಿಲ್ಲಿಸು ಎಂದಳು. ಚಿಕ್ಕಪ್ಪ ಗಾಬರಿಯಾಗಿ ಪಕ್ಕಕ್ಕೆ ತೆಗೆದ. ಅಜ್ಜಿ ಇಳಿದು ಬೇಲಿಯ ತಂತಿ ಹಿಡಿದು ನಿಂತಳು. ಒಳಗೆ ಸೊಂಟದೆತ್ತರದ ಜೋಳ, ಕೆಂಪು ತೆನೆ. ನಮ್ಮ ಕಡೆಯದಷ್ಟು ಎತ್ತರವಿಲ್ಲ, ದನಕ್ಕೆ ಹಾಕಲು ಬೆಳೆಯುತ್ತಾರೆ ಎಂದು ಚಿಕ್ಕಪ್ಪ ಹೇಳಿದ. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಇಷ್ಟು ವರ್ಷ ಈ ದೇಶದಲ್ಲಿದ್ದು, ಅಂಗಡಿಯ ಪ್ಯಾಕೆಟ್ಟಿನಲ್ಲಿ ಹಿಟ್ಟು ಕಂಡವಳಿಗೆ ನಿಂತ ಬೆಳೆ ಕಂಡದ್ದು ಅದೇ ಮೊದಲು. ಹ್ಯೂಸ್ಟನ್ ಮುಟ್ಟುವವರೆಗೂ ಅದರ ಮಾತೇ ಆಡಿದಳು.

ವಾಪಸ್ಸು ಬಂದ ವಾರ ಅಣ್ಣ ತನ್ನ ಮಾತು ಎತ್ತಿದ. ನೇರವಾಗಿ ತನ್ನ ಅಪ್ಪನ ಹತ್ತಿರ ಹೇಳಲು ಅವನಿಗೆ ಧೈರ್ಯವಾಗಲಿಲ್ಲ. ನನಗೆ ಹೇಳಿದ, ನಾನು ನನ್ನ ಅಪ್ಪನಿಗೆ ಹೇಳಿದೆ, ಅಪ್ಪ ಊಟದ ಮೇಜಿನ ಮೇಲೆ ಇಟ್ಟ. ಒಂದು ವರ್ಷ ಹುಡುಗ ಇಲ್ಲೇ ಇರಲಿ, ಇಲ್ಲೇ ಶಾಲೆ ಮುಗಿಸಲಿ, ನನ್ನ ಮಗನ ರೂಮಿನಲ್ಲಿ ಜಾಗವಿದೆ ಎಂದ. ಚಿಕ್ಕಮ್ಮ ತಟ್ಟೆ ನೋಡುತ್ತ ಕೂತಳು. ಮುಂದಿನ ವರ್ಷ ಕಾಲೇಜಿಗೆ ಹೋಗಿಯೇ ಹೋಗುತ್ತಾನೆ, ಮನೆಯಲ್ಲಿರುವುದು ಇದೊಂದೇ ವರ್ಷ ಎಂದು ಅವಳು ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು. ಚಿಕ್ಕಪ್ಪನಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಅವನು ಸೋತವನ ದನಿಯಲ್ಲಿ ನನ್ನ ಅಪ್ಪನನ್ನು ಕೇಳಿದ.

“ಒಂದ ವರ್ಷದ ಆಟಕ್ಕ ಮನಿ ಎರಡ ಮಾಡೂದಾ ಅಣ್ಣಾ?”

ಅಣ್ಣನ ಕಣ್ಣು ನನ್ನ ಅಪ್ಪನ ಮೇಲಿತ್ತು. ಇನ್ನೊಂದು ಸಲ ಅಪ್ಪ ಒತ್ತಾಯ ಮಾಡಿದ್ದರೆ ಚಿಕ್ಕಪ್ಪ ಒಪ್ಪುತ್ತಿದ್ದ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅಷ್ಟರಲ್ಲಿ ಅಪ್ಪ ಅಜ್ಜಿಯ ಕಡೆ ತಿರುಗಿ, ನೀ ಏನಂತೀಬೇ ಎಂದ. ಅಜ್ಜಿ ರೊಟ್ಟಿ ಮುರಿಯುತ್ತ, ಇದೆಂಥ ದೊಡ್ಡ ಮಾತು ಎನ್ನುವ ಹಾಗೆ ಹೇಳಿದಳು.

“ಹೋಗ್ಲಿ ಬಿಡ್ರಿ. ಆ ಕಡೆನೂ ಜ್ವಾಳ ಐತಿ. ನಾನ ಕಣ್ಣಾರೆ ನೋಡೇನಲ್ಲ.”

ಚಿಕ್ಕಮ್ಮ ಮೊದಲು ನಕ್ಕಳು. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕಳು. ಆಮೇಲೆ ಚಿಕ್ಕಪ್ಪ, ಅಪ್ಪ, ಅಮ್ಮ, ನಾನು. ಕೊನೆಗೆ ಅಣ್ಣನೂ ನಕ್ಕ. ಆ ನಗುವಿನಲ್ಲಿ ಮಾತು ಮುಗಿದುಹೋಯಿತು. ಎಲ್ಲರೂ ಒಟ್ಟಿಗೆ ನಕ್ಕ ಮೇಲೆ ಮತ್ತೆ ಮುಖ ಗಂಟಿಕ್ಕಿ, ಇಲ್ಲ, ನಾನು ಹೋಗುವುದಿಲ್ಲ ಎನ್ನಲು ಹದಿನೇಳರ ಹುಡುಗನಿಗೆ ಆಗುವುದಿಲ್ಲ. ಅಜ್ಜಿ ಹೇಳಿದ್ದು ದಾರಿಯಲ್ಲಿ ಕಂಡ ನಿಜವಾದ ಜೋಳದ ಮಾತೋ, ಆಟದ ಜೋಳದ ಮಾತೋ, ಯಾರೂ ಕೇಳಲಿಲ್ಲ. ಅವಳ ತಲೆಯಲ್ಲಿ ಎರಡೂ ಒಂದೇ ಆಗಿದ್ದಿರಬೇಕು.

ಅವರು ಶಿಫ್ಟ್ ಆದ ದಿನ ಟ್ರಕ್ಕು ಹೋದ ಮೇಲೆ ನಾನು ಅವರ ಖಾಲಿ ಗ್ಯಾರೇಜಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಗೋಡೆಗೆ ಅಣ್ಣ ಬಾಲ್ ಎಸೆದು ಎಸೆದು ಆದ ಕಂದು ಗುರುತುಗಳಿದ್ದವು. ಮನೆ ಮಾಲೀಕರು ಬಣ್ಣ ಹೊಡೆಸುತ್ತಾರೆ ಎಂದು ಅಮ್ಮ ಹೇಳಿದಳು.

ಆಗಸ್ಟಿನಲ್ಲಿ ಮತ್ತೆ ಅಭ್ಯಾಸ ಶುರುವಾಯಿತು. ಅಣ್ಣನ ಜಾಗಕ್ಕೆ ಬಂದ ಹುಡುಗ ಎತ್ತರ, ಭುಜ ಅಗಲ, ಗುಂಡು ಹೊಡೆದಂತೆ ಓಡುವವನು. ಒಳ್ಳೆಯ ಹುಡುಗ, ಈಗಲೂ ಅವನ ಮೇಲೆ ನನಗೆ ಪ್ರೀತಿಯಿದೆ. ಆದರೆ ಅವನಿಗೆ ಕಾಯಲು ಬರುತ್ತಿರಲಿಲ್ಲ. ಮೊದಲ ವಾರ ಅವನ ಹೆಲ್ಮೆಟ್ಟು ಬಡಿದು ಬಡಿದು ನನ್ನ ಬೆನ್ನು ನೀಲಿಗಟ್ಟಿತು. ನಮ್ಮ ಕೋಚ್ ಎರಡನೇ ವಾರಕ್ಕೆ ಬೋರ್ಡು ಒರೆಸಿ, ಹುಡುಗನಿಗೆ ತಕ್ಕಂತೆ ಬಾಗಿಲ ಓಟಗಳನ್ನೇ ಬರೆದರು. ನನ್ನನ್ನು ಸಾಲಿನ ಹಿಂದಿನಿಂದ ಸುತ್ತಿ ಬಂದು ಮೊದಲು ನುಗ್ಗುವ ಕೆಲಸಕ್ಕೆ ಹಾಕಿದರು. ನಾನು ಕಲಿತೆ. ನಾವು ಗೆಲ್ಲುತ್ತಲೂ ಇದ್ದೆವು.

ಆದರೂ ಕೈ ಕೇಳುತ್ತಿರಲಿಲ್ಲ. ಬಾಗಿಲ ಓಟದಲ್ಲಿ ಒಬ್ಬನನ್ನು ಒಂದು ಕ್ಷಣ ಹಿಡಿದರೆ ಸಾಕು, ಓಡುವವನು ಅಷ್ಟರಲ್ಲಿ ದಾಟಿರುತ್ತಾನೆ. ನಾನು ಮಾತ್ರ ಎದುರಿನವನನ್ನು ಹಿಡಿದುಕೊಂಡೇ ಇರುತ್ತಿದ್ದೆ. ಸೀಟಿ ಊದಿ, ಎಲ್ಲರೂ ಏಳುತ್ತಿರುವಾಗಲೂ ನನ್ನ ಕೈ ಅವನ ಎದೆಯ ಮೇಲೆ ಇರುತ್ತಿತ್ತು. ಒಮ್ಮೆ ಎದುರು ತಂಡದವನೊಬ್ಬ, ಆಟ ಮುಗೀತು, ಬಿಡಪ್ಪ ಎಂದು ನಗುತ್ತ ನನ್ನ ಕೈ ತೆಗೆದ. ಎಡಪಕ್ಕೆಯ ಹತ್ತಿರ ಬರಬೇಕಾದ ಆ ಗಾಳಿ ಬರಲಿಲ್ಲವಲ್ಲ ಎಂದು ನಾನು ಕಾಯುತ್ತಿದ್ದೆ ಎಂದು ಅವನಿಗೆ ಹೇಗೆ ಹೇಳುವುದು?

ಭಾನುವಾರಗಳಲ್ಲಿ ಹ್ಯೂಸ್ಟನ್‌ನಿಂದ ಫೋನ್ ಬರುತ್ತಿತ್ತು. ಅಜ್ಜಿ ಮೊದಲು ಮಾತಾಡಿ, ಊಟ ಏನು, ಸೆಕೆ ಎಷ್ಟು ಎಂದು ಕೇಳಿ, ಆಮೇಲೆ ನನಗೆ ಕೊಡುತ್ತಿದ್ದಳು. ಹೊಸ ಶಾಲೆ ದೊಡ್ಡದು, ಹುಡುಗರು ಒಳ್ಳೆಯವರು, ಕೋಚ್ ಕೂಡ ಒಳ್ಳೆಯವರೇ ಎಂದು ಅಣ್ಣ ಹೇಳುತ್ತಿದ್ದ. ಆಡಿಸುತ್ತಾರಾ ಎಂದರೆ, ಸ್ವಲ್ಪ ಎನ್ನುತ್ತಿದ್ದ. ಯಾವ ಪದ್ಧತಿ ಎಂದು ನಾನು ಕೇಳಿದಾಗ ಅವನು ತಡವರಿಸಿ, ಪಕ್ಕದಲ್ಲಿ ಅಜ್ಜಿ ಇದ್ದಾಳಾ ಎಂದು ಕೇಳಿದ. ಇಲ್ಲ ಎಂದೆ. ಬಾಗಿಲು, ಎಂದ. ಆ ಒಂದು ಪದವನ್ನು ಅವನು ಕನ್ನಡದಲ್ಲೇ ಹೇಳಿದ. ಅಲ್ಲಿನ ಕೋಚ್ ಬಹಳ ವರ್ಷಗಳಿಂದ ಅದೊಂದನ್ನೇ ಕಲಿಸುತ್ತ ಬಂದವರು, ಅದರಲ್ಲೇ ಗೆದ್ದವರು. ತಮ್ಮ ಆಟಕ್ಕೆ ತಕ್ಕ ಹುಡುಗನನ್ನು ಹುಡುಕುವವರೇ ಹೊರತು ಹುಡುಗನಿಗಾಗಿ ಆಟ ಬದಲಿಸುವವರಲ್ಲ. ಅವರ ಕಡೆಯಿಂದ ನೋಡಿದರೆ ಅದೂ ನ್ಯಾಯವೇ.

ಅಕ್ಟೋಬರಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಅವನ ಆಟವಿತ್ತು. ಅಲ್ಲಿ ಒಂದೇ ಮೈದಾನವನ್ನು ಹಲವು ಶಾಲೆಗಳು ಹಂಚಿಕೊಳ್ಳುತ್ತಿದ್ದವು, ಹಾಗಾಗಿ ಕೆಲವು ಆಟ ಶನಿವಾರಕ್ಕೆ ಬೀಳುತ್ತಿದ್ದವು. ಅಪ್ಪ, ಅಮ್ಮ, ಅಜ್ಜಿ, ನಾನು ಬೆಳಿಗ್ಗೆಯೇ ಹೊರಟೆವು. ಅಜ್ಜಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಣ್ಣನಿಗೆಂದು ಗೋಧಿ ಹುಗ್ಗಿ ಕಟ್ಟಿಕೊಂಡಿದ್ದಳು. ಹೈವೇ ಪಕ್ಕದ ಹೊಲಗಳೆಲ್ಲ ಕೊಯ್ಲಾಗಿ ಬರಿ ಕೂಳೆ ನಿಂತಿತ್ತು. ಕೊಯ್ಯೂ ಕಾಲ ಮುಗದೈತಿ ಎಂದು ಅಜ್ಜಿ ತನ್ನಷ್ಟಕ್ಕೆ ಹೇಳಿಕೊಂಡು ನಿದ್ದೆಹೋದಳು.

ಹ್ಯೂಸ್ಟನ್‌ನ ಸೆಕೆಯಲ್ಲಿ ಗ್ಯಾಲರಿಯ ಅಲ್ಯೂಮಿನಿಯಂ ಬೆಂಚು ಕಾದಿತ್ತು. ಚಿಕ್ಕಮ್ಮ ಟವೆಲ್ ಹಾಸಿ ಅಜ್ಜಿಯನ್ನು ಕೂರಿಸಿದಳು. ಅಣ್ಣ ಮೈದಾನದ ಅಂಚಿನಲ್ಲಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಜಾಗದಲ್ಲಿ ಓಡುತ್ತಿದ್ದವನು ದಪ್ಪ ತೊಡೆಯ, ತಲೆ ತಗ್ಗಿಸಿ ನುಗ್ಗುವ ಹುಡುಗ. ಆ ಸಾಲಿಗೆ ಅವನು ಹೇಳಿ ಮಾಡಿಸಿದ ಹಾಗಿದ್ದ. ನಾನು ಸಾಲಿನವನು, ನನಗೆ ಸುಳ್ಳು ಹೇಳಿಕೊಳ್ಳಲು ಆಗಲಿಲ್ಲ.

ಮೂರನೇ ಕ್ವಾರ್ಟರಿನಲ್ಲಿ ಆ ಹುಡುಗನಿಗೆ ಸುಸ್ತಾದಾಗ ಅಣ್ಣನನ್ನು ಕಳಿಸಿದರು. ಮೊದಲ ಸಲ ಬಾಲ್ ಕೊಟ್ಟಾಗ ಅವನು ಎರಡು ಹೆಜ್ಜೆ ಇಟ್ಟು ಕಾದ. ಬರಿ ಅರೆಗಳಿಗೆ. ಮುಂದೆ ನುಗ್ಗಿದವನು ತನ್ನ ಪಾಡಿಗೆ ತಾನು ದಾಟಿಹೋದ, ಅವನ ಹಿಂದೆಯೇ ಸಂದು ಮುಚ್ಚಿಕೊಂಡಿತು. ನಾಲ್ಕು ಜನ ಅವನ ಮೇಲೆ ಬಿದ್ದರು. ಕೋಚ್ ಅಂಚಿನಿಂದ ಕೈಬೀಸಿ ಏನೋ ಹೇಳಿದರು. ಎರಡನೇ ಸಲ ಅವನು ಕಾಯಲಿಲ್ಲ. ತಲೆ ತಗ್ಗಿಸಿ, ಮುಂದಿನವನ ಬೆನ್ನು ಹಿಡಿದು, ಹೇಳಿದ ಜಾಗಕ್ಕೆ ನೇರ ನುಗ್ಗಿದ. ಮೂರು ನಾಲ್ಕು ಗಜ ಸಿಕ್ಕಿತು. ಕೋಚ್ ಚಪ್ಪಾಳೆ ತಟ್ಟಿದರು. ಅಪ್ಪ, ಚಿಕ್ಕಪ್ಪ ಇಬ್ಬರೂ ತಟ್ಟಿದರು. ಆ ಓಟದಲ್ಲೇ, ಅವನ ಎಡಕ್ಕೆ, ಒಂದು ಗಾಡಿ ಹೋಗುವಷ್ಟು ಅಗಲದ ಜಾಗ ಬಿಟ್ಟಿತ್ತು. ಅದು ಗ್ಯಾಲರಿಯಲ್ಲಿದ್ದ ನನಗೆ ಕಂಡಿತು. ಅವನಿಗೂ ಕಂಡಿತ್ತು ಎಂದು ಅವನು ಬಿದ್ದಲ್ಲಿಂದ ಏಳುವಾಗ ತಲೆ ತಿರುಗಿಸಿದ ರೀತಿಯಲ್ಲೇ ತಿಳಿಯಿತು.

ಅಜ್ಜಿ ಚಪ್ಪಾಳೆ ತಟ್ಟಲಿಲ್ಲ. ನನ್ನ ಮೊಣಕೈ ಹಿಡಿದು ಕೇಳಿದಳು.

“ಇಲ್ಲಿ ಬಾಗಲಾನ ಏನೋ?”

ಹೌದು ಅಜ್ಜಿ ಎಂದೆ.

ಸಂಜೆ ಮಿಸೌರಿ ಸಿಟಿಯ ಹೊಸ ಮನೆಯಲ್ಲಿ ದೊಡ್ಡವರು ಚಹಾ ಕುಡಿಯುತ್ತಿದ್ದರು. ಅಣ್ಣ ಸ್ನಾನ ಮಾಡಿ ಬಂದು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ. ಅಜ್ಜಿ ಹುಗ್ಗಿಯ ಬಟ್ಟಲು ಹಿಡಿದುಕೊಂಡು ಹೋಗಿ ಅವನ ಪಕ್ಕ, ಮಂಡಿ ನೋವು ಮರೆತು, ನೆಲದ ಮೇಲೇ ಕೂತಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ನಿನಗ ಓಡಾಕ ಕೊಡವಲ್ಲರೇನೋ ತಮ್ಮಾ ಎಂದು ಅವಳು ಕೇಳಿದಳು. ಅವನು ಇಂಗ್ಲಿಷಿನಲ್ಲಿ ಏನೋ ಶುರುಮಾಡಿ ನಿಲ್ಲಿಸಿದ. ಆಮೇಲೆ ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿ ಜೋಡಿಸಿ ಹೇಳಿದ.

“ಓಡಕ್ಕೆ ಕೊಡ್ತಾರೆ ಅಜ್ಜಿ. ಕಾಯಕ್ಕೆ ಬಿಡಲ್ಲ.”

ಅಜ್ಜಿ ಅವನ ಒದ್ದೆ ತಲೆಯ ಮೇಲೆ ಕೈ ಇಟ್ಟಳು. ಹುಗ್ಗಿ ಆರುತ್ತಿತ್ತು. ಒಳಗೆ ಚಿಕ್ಕಪ್ಪ ಹೊಸ ಕೆಲಸದ ಬಗ್ಗೆ, ಅಲ್ಲಿನ ಮ್ಯಾನೇಜರ್ ಎಷ್ಟು ಒಳ್ಳೆಯವನು ಎನ್ನುವುದರ ಬಗ್ಗೆ ಹೇಳುತ್ತಿದ್ದ. ಎಷ್ಟೋ ತಿಂಗಳ ಮೇಲೆ ಅವನ ದನಿಯಲ್ಲಿ ಹುರುಪಿತ್ತು. ಅದನ್ನು ಕೇಳಿ ಅಣ್ಣ ಬಟ್ಟಲು ಎತ್ತಿಕೊಂಡು ತಿನ್ನತೊಡಗಿದ. ತನ್ನ ಅಪ್ಪನಿಗೆ ಹೇಳಬೇಡ ಎಂದು ಅಜ್ಜಿಗೆ ಕಣ್ಣಲ್ಲೇ ಹೇಳಿದ. ಅಜ್ಜಿ ಹೇಳಲಿಲ್ಲ.

ವಾಪಸ್ಸು ಬರುವಾಗ ಅವಳು ನಮ್ಮ ಜೊತೆ ಬರಲಿಲ್ಲ. ಕೆಲವು ದಿನ ಇಲ್ಲೇ ಇರುತ್ತೇನೆ ಎಂದಳು. ಆ ಕೆಲವು ದಿನ ಮಾರ್ಚಿನವರೆಗೆ ಹೋಯಿತು. ಯೂಲೆಸ್‌ನಲ್ಲಿ ಶುಕ್ರವಾರ ಗ್ಯಾಲರಿಯಲ್ಲಿ ಟೋಂಗಾದ ಅಜ್ಜಿ ಒಬ್ಬಳೇ ಕೂತು, ಪಕ್ಕದ ಖಾಲಿ ಜಾಗ ತೋರಿಸಿ, ಎಲ್ಲಿ ಎಂದು ನನ್ನ ಅಮ್ಮನನ್ನು ಕೈಸನ್ನೆಯಲ್ಲಿ ಕೇಳುತ್ತಿದ್ದಳು.

ಅಣ್ಣ ಆ ಸೀಸನ್ನು ಬಿಡದೆ ಪೂರೈಸಿದ. ಹೇಳಿದ ಜಾಗಕ್ಕೆ ನುಗ್ಗುವುದನ್ನು ಕಲಿತ. ದಪ್ಪ ತೊಡೆಯ ಹುಡುಗ ದಣಿದಾಗಲೆಲ್ಲ ಹೋಗಿ, ಮೂರು ನಾಲ್ಕು ಗಜ ಓಡಿ, ಮತ್ತೆ ಅಂಚಿಗೆ ಬಂದು ನಿಲ್ಲುತ್ತಿದ್ದ. ಕೊನೆಯ ಆಟವಾದ ಮೇಲೆ ಕೋಚ್ ಅವನ ಕೈಕುಲುಕಿ, ನೀನು ಬಹಳ ಸುಧಾರಿಸಿದೆ ಎಂದರಂತೆ. ಇದನ್ನು ಫೋನಿನಲ್ಲಿ ಹೇಳುವಾಗ ಅವನು ನಕ್ಕ. ನನಗೆ ನಗಲು ಆಗಲಿಲ್ಲ.

ಮರುವರ್ಷ ಅವನು ಆಸ್ಟಿನ್‌ಗೆ ಓದಲು ಹೋದ. ಅದರ ಮರುವರ್ಷ ನಾನೂ ಅಲ್ಲಿಗೇ ಹೋದೆ. ನಾನು ಹೋದ ಮೊದಲ ಶುಕ್ರವಾರ ಸಂಜೆ ಅವನು ಕಾರು ತಂದು ಹಾಸ್ಟೆಲಿನ ಮುಂದೆ ನಿಲ್ಲಿಸಿ, ಹತ್ತು ಎಂದ. ಪಕ್ಕದ ಊರಾದ ಸೀಡರ್ ಪಾರ್ಕ್ ಕಡೆಗೆ ಡ್ರೈವ್ ಮಾಡಿ, ನಮಗೆ ಯಾರೂ ಪರಿಚಯವಿಲ್ಲದ ಯಾವುದೋ ಹೈಸ್ಕೂಲಿನ ಆಟಕ್ಕೆ ಎರಡು ಟಿಕೆಟ್ ತೆಗೆದ. ಊರಿನ ತಂಡದವರ ಕಡೆಯ ಗ್ಯಾಲರಿಯಲ್ಲಿ, ಅಪ್ಪ ಅಮ್ಮಂದಿರ ನಡುವೆ, ನಾವಿಬ್ಬರೂ ಕೂತೆವು. ಎರಡನೇ ಕ್ವಾರ್ಟರಿನಲ್ಲಿ ಹೊರಊರಿನ ತಂಡದ ಸಾಲು ಒಟ್ಟಾಗಿ ಬಲಕ್ಕೆ ಸರಿಯಿತು. ಅವರ ಸಣ್ಣ ಮೈಯ ಓಟಗಾರನೊಬ್ಬ ಅದರ ಹಿಂದೆ ಬರುತ್ತ, ಒಂದು ಸಲ ಹೆಜ್ಜೆ ಸಣ್ಣ ಮಾಡಿ ಕಾದ. ಅಣ್ಣ ಎದ್ದು ನಿಂತ. ಹುಡುಗ ಎಡಕ್ಕೆ ಹೊರಳಿ, ಯಾರ ಕೈಗೂ ಸಿಗದೆ, ಮೈದಾನದ ಕೊನೆಯವರೆಗೆ ಓಡಿದ. ನಮ್ಮ ಸುತ್ತ ಎಲ್ಲರೂ ಸುಮ್ಮನೆ ಕೂತಿದ್ದರು, ಇವನೊಬ್ಬನೇ ನಿಂತಿದ್ದ. ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ, ಆ ಹುಡುಗ ನಿಮ್ಮವನಾ ಎಂದು ಕೇಳಿದಳು. ಅಲ್ಲ ಎಂದು ಹೇಳಿ ಅವನು ಕೂತ. ಅರ್ಧ ಆಟಕ್ಕೆ ಬ್ಯಾಂಡಿನವರು ಮೈದಾನಕ್ಕೆ ಇಳಿಯುವಾಗ ನಾವು ಎದ್ದು ಬಂದೆವು, ದಾರಿಯಲ್ಲಿ ಊಟ ಮಾಡಿದೆವು, ಅವನು ನನ್ನನ್ನು ಹಾಸ್ಟೆಲಿಗೆ ಬಿಟ್ಟು ಹೋದ.